ಮಧ್ಯದ ಎರಡು ಎಳೆ

ನಾದಿನಿಗೆ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದದ್ದು ಅತ್ತೆಯ ಬಟನ್ ಫೋನಿಗೆ. ಮಡಿಕೇರಿಯ ಆಸ್ಪತ್ರೆಯಿಂದ ನನ್ನ ಗಂಡ ಮಾತಾಡಿದ್ದರು. “ಮಗು ಫೋಟೋ ಅವಳ ಫೋನಿಗೆ ಹಾಕಿದೀನಿ, ನೋಡವ್ವ” ಅಂದರಂತೆ.

ಅವಳ ಫೋನು ಎಂದರೆ ನನ್ನದು. ಅದು ಬೆಳಿಗ್ಗೆಯೇ ಆಫ್ ಆಗಿತ್ತು. ಗಾಳಿಗೆ ಕಾಫಿ ತೋಟದ ಸಿಲ್ವರ್ ಮರವೊಂದು ಕರೆಂಟಿನ ಲೈನಿನ ಮೇಲೆ ಬಿದ್ದು, ಸೋಮವಾರಪೇಟೆಯ ಆಚೆ ನಮ್ಮೂರಿಗೆ ಕರೆಂಟೇ ಇರಲಿಲ್ಲ.

ಮನೆಯಲ್ಲಿ ಸೋಲಾರ್ ದೀಪದ ಡಬ್ಬಿಯೊಂದಿತ್ತು. ಅದರ ಯುಎಸ್‌ಬಿ ತೂತಿಗೆ ಚುಚ್ಚಿದರೆ ಅತ್ತೆಯ ಫೋನು ಚಾರ್ಜ್ ಆಗುತ್ತಿತ್ತು. ನನ್ನದರಲ್ಲಿ ಬ್ಯಾಟರಿಯ ಚಿತ್ರ ಒಮ್ಮೆ ಮೂಡಿ ಮಾಯವಾಗುತ್ತಿತ್ತು. ಕೇಬಲ್ ಬದಲಿಸಿದರೂ ಅಷ್ಟೇ.

“ಅದೇ ಬಿಸಿಲಿನ ಕರೆಂಟು. ನಂದು ತಗೋತದೆ, ನಿಂದ್ಯಾಕೆ ತಗಳಲ್ಲ?” ಅತ್ತೆ ಕೇಳಿದರು.

ನನ್ನನ್ನೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ನನ್ನ ಅಕ್ಕನಿಗೆ ಅತ್ತೆಯ ಫೋನಿನಿಂದಲೇ ಕರೆ ಮಾಡಿದೆ.

“ಕೇಬಲ್ ಒಳಗೆ ನಾಲ್ಕು ಎಳೆ ಇರ್ತವೆ ಕಣೆ,” ಅಂದಳು ಅಕ್ಕ. “ಎರಡರಲ್ಲಿ ಕರೆಂಟು. ಮಧ್ಯದ ಎರಡರಲ್ಲಿ ಫೋನು ವಿಚಾರಿಸ್ತದೆ, ನೀನು ಚಾರ್ಜರ್ರಾ, ಎಷ್ಟು ಎಳ್ಕೋಬೋದು ಅಂತ. ನಿಮ್ಮ ಡಬ್ಬೀಲಿ ಆ ಎರಡಕ್ಕೆ ಏನೂ ಜೋಡಿಸಿರಲ್ಲ. ಉತ್ತರ ಸಿಗ್ದೆ ನಿನ್ನ ಫೋನು ಸುಮ್ಮನಾಗ್ತದೆ.”

“ಅತ್ತೆ ಫೋನು?”

“ಅದು ಕೇಳೋದೇ ಇಲ್ಲ. ಸಿಕ್ಕಿದ್ದು ತಗೋತದೆ.”

ಅವಳೇ ಉಪಾಯವನ್ನೂ ಹೇಳಿಕೊಟ್ಟಳು. ಒಂದು ಹಳೆಯ ಕೇಬಲ್ ಕತ್ತರಿಸಿ, ಕರೆಂಟಿನ ಎಳೆಗಳನ್ನು ಇದ್ದ ಹಾಗೆಯೇ, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಮತ್ತೆ ಸೇರಿಸಬೇಕು. ಮಧ್ಯದ ಆ ಎರಡು, ಅಂದರೆ ಫೋನಿನ ಕಡೆಯ ಹಸಿರು ಮತ್ತು ಬಿಳಿ ಎಳೆಗಳನ್ನು ಒಂದಕ್ಕೊಂದು ಹೊಸೆಯಬೇಕು. ಎಷ್ಟೋ ಚಾರ್ಜರುಗಳ ಒಳಗೆ ಅವೆರಡು ಹೀಗೆಯೇ ಕೂಡಿರುತ್ತವಂತೆ. “ಕೆಂಪು, ಕಪ್ಪು ತಾಗಬಾರ್ದು. ಬೇರೆ ಬೇರೆ ಟೇಪು ಸುತ್ತು.”

ನಾನು ಬ್ಲೌಸ್ ಹೊಲಿಯುವವಳು. ಕೂದಲಿನಂಥ ಎಳೆಗಳನ್ನು ಬಿಡಿಸುವುದು ಕಷ್ಟವಾಗಲಿಲ್ಲ. ಬಿಸಿಲಿದ್ದ ಜಗಲಿಯಲ್ಲಿ ಕುಳಿತು ಬ್ಲೇಡಿನಿಂದ ಮೇಲಿನ ಸಿಪ್ಪೆ ಕೆರೆದು, ಅಕ್ಕ ಹೇಳಿದಂತೆ ಹೊಸೆದೆ. ಅತ್ತೆ ಟೇಪಿನ ತುಂಡುಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಾದರು.

ಚುಚ್ಚಿದೆ. ಬ್ಯಾಟರಿಯ ಚಿತ್ರ ಬಂತು, ಈ ಸಲ ಹೋಗಲಿಲ್ಲ.

“ಡಬ್ಬಿ ಉತ್ತರ ಕೊಡ್ತಾ?” ಅತ್ತೆ ಪಿಸುಗುಟ್ಟಿದರು.

“ಇಲ್ಲ ಅತ್ತೆ. ಅದರ ಪರವಾಗಿ ನಾವೇ ಕೊಟ್ವಿ.”

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಆನ್ ಆಯಿತು. ಫೋಟೋ ನಿಧಾನವಾಗಿ ಇಳಿಯಿತು. ಬಿಳಿ ಬಟ್ಟೆಯೊಳಗೆ ಕೆಂಪು ಮುಖ, ಮುಚ್ಚಿದ ಕಣ್ಣು. ಅತ್ತೆ ಎಂಜಲು ಕೈಯನ್ನು ದೂರ ಹಿಡಿದು ಬಗ್ಗಿ ಬಹಳ ಹೊತ್ತು ನೋಡಿದರು. “ಹಣೆ ನಮ್ಮನೇದು” ಅಂದರು. ಆಮೇಲೆ ಅನ್ನ ಬಡಿಸಿಕೊಳ್ಳುವುದನ್ನೇ ಮರೆತರು.

ಮರುದಿನ ನನ್ನ ಗಂಡ ಬಂದರು. ಕರೆಂಟು ಇನ್ನೂ ಬಂದಿರಲಿಲ್ಲ. ಹೆಮ್ಮೆಯಿಂದ ಆ ಕೇಬಲನ್ನು ಅವರ ಫೋನಿಗೆ ಚುಚ್ಚಿದೆ. ಅದು ಒಪ್ಪಲಿಲ್ಲ. ಅದು ಇನ್ನೇನು ಕೇಳುತ್ತದೆಯೋ ಎಂದು ನಾನೂ ಅತ್ತೆಯೂ ಡಬ್ಬಿಯ ಮುಂದೆ ಮತ್ತೆ ಕುಳಿತೆವು.