ಬಾಗಿಲಿನಿಂದ ತಿರುಗಿಹೋದ ಮೇಲ್

ಮಹಡಿ ಕೋಣೆಯ ಕಿಟಕಿ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಮಸಿ ಇತ್ತು. ಸುಣ್ಣ ಬಳಿದರೂ ಪೂರ್ತಿ ಹೋಗಿರಲಿಲ್ಲ. ಹಂಪಿಯಲ್ಲಿ ಆ ಗೆಸ್ಟ್ ಹೌಸ್ ನಡೆಸುವ ಅಕ್ಕ ಅದನ್ನು ತೋರಿಸಿದರು.

“ನೋಡು ತಂಗಿ, ಇಷ್ಟಕ್ಕ ಮುನಿಸ್ಕೊಂಡಾಳ ಆಕಿ.”

ಆಕೆ ಎಂದರೆ ಪ್ರತಿ ಚಳಿಗಾಲದಲ್ಲಿ ಬಂದು ಅದೇ ಕೋಣೆಯಲ್ಲಿ ಉಳಿಯುತ್ತಿದ್ದ ಟೀಚರಮ್ಮ. ಧಾರವಾಡದಾಚೆಯ ಸಣ್ಣ ಊರೊಂದರ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಾರೆ. ಹಗಲೆಲ್ಲ ಮಂಟಪಗಳ ಕಂಬಗಳೆದುರು ಕುಳಿತು ಚಿತ್ರ ಬರೆಯುವುದು, ಸಂಜೆ ಅಕ್ಕನ ಅಡುಗೆಮನೆಯಲ್ಲಿ ಕುಳಿತು ಹರಟುವುದು. ಹೋದ ವರ್ಷ ಕೋಣೆಯಲ್ಲೇ ಸ್ಟೋವ್ ಹಚ್ಚಿ ಗೋಡೆ ಮಸಿ ಮಾಡಿದ್ದಕ್ಕೆ ಅಕ್ಕ ನಾಲ್ಕು ಮಾತು ಆಡಿದ್ದರು. ಈ ವರ್ಷ ಟೀಚರಮ್ಮ ಹಂಪಿಗೇನೋ ಬಂದಿದ್ದರು, ಆದರೆ ಹಿಂದಿನ ಓಣಿಯ ಬೇರೆ ಮನೆಯಲ್ಲಿ ಇಳಿದಿದ್ದರು.

“ಬಾಳಿಹಣ್ಣು ತಗೊಳ್ಳಾಕ ನಿಂತಿದ್ಲು. ನಾ ‘ಏನ್ರಿ ಟೀಚರಮ್ಮ’ ಅನ್ನೋದ್ರಾಗ ಮಾರಿ ಆ ಕಡಿ ಮಾಡಿ ಹೋದ್ಲು. ಮೇಲ್ ಸುದ್ದಾ ಹಾಕಲಿಲ್ಲ.”

ಆ ಕೊನೆಯ ಮಾತಿಗೆ ನಾನು ಮಸಿಯಿಂದ ಕಣ್ಣು ತೆಗೆದು ಅಕ್ಕನ ಕಡೆ ತಿರುಗಿದೆ.

ನಾನು ಹೊಸಪೇಟೆಯ ಒಂದು ಸಣ್ಣ ಕಚೇರಿಯಲ್ಲಿದ್ದೇನೆ. ಹಂಪಿಯ ಗೆಸ್ಟ್ ಹೌಸ್‌ಗಳು, ಕಂಪ್ಲಿಯ ಅಕ್ಕಿ ಗಿರಣಿಗಳು, ಸಂಡೂರಿನ ಲಾರಿ ಆಫೀಸುಗಳು, ಇವರೆಲ್ಲರ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಕ್ಕನದೊಂದು ಕಟ್ಟುನಿಟ್ಟು: ಫೋನಿನಲ್ಲಿ ರೂಮ್ ಕೊಡುವುದಿಲ್ಲ. ಬಾಯಿಮಾತಿನ ಮೇಲೆ ಒಂದೇ ಕೋಣೆಗೆ ಇಬ್ಬರು ಬಂದು ಜಗಳವಾದಾಗಿನಿಂದ, ಎಷ್ಟೇ ಗುರುತಿನವರಾದರೂ ಮೇಲ್ ಹಾಕಬೇಕು.

ದಸರೆಗೆ ಮುಂಚೆ ಸುಳ್ಳು ಬುಕಿಂಗ್ ಮೇಲ್‌ಗಳು ವಿಪರೀತವಾಗಿದ್ದವು. ಆಗ ನಾನು ಒಂದು ತಪಾಸಣೆಯನ್ನು ಬಿಗಿ ಮಾಡಿದೆ. ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಹೆಸರು ಕೇಳಿ ಸುಮ್ಮನಾಗುವುದಿಲ್ಲ, ‘ಯಾರ ಪೈಕಿ?’ ಎಂದು ಕೇಳಿ, ಅಲ್ಲಿ ವಿಚಾರಿಸುತ್ತಾರೆ. ಸರ್ವರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಮೇಲ್ ತಂದ ಯಂತ್ರ ಯಾವ ಐಪಿ ಸಂಖ್ಯೆಯಿಂದ ಬಂದಿದೆಯೋ, ಆ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ಹಿಮ್ಮುಖವಾಗಿ ವಿಚಾರಿಸುತ್ತದೆ. ಇದನ್ನು ರಿವರ್ಸ್ ಡಿಎನ್‌ಎಸ್ ಎನ್ನುತ್ತಾರೆ. ಸ್ಪ್ಯಾಮ್ ಕಳಿಸುವ ಯಂತ್ರಗಳಿಗೆ ಬಹುಮಟ್ಟಿಗೆ ಅಂಥ ಹೆಸರಿರುವುದಿಲ್ಲ. ಪ್ರಾಮಾಣಿಕವಾದ ಕೆಲವು ಸಣ್ಣ ಸರ್ವರ್‌ಗಳಿಗೂ ಇರುವುದಿಲ್ಲ; ಇಂಟರ್ನೆಟ್ ಲೈನ್ ಕೊಟ್ಟವರಿಗೆ ಹೇಳಿ ಹೆಸರು ಬರೆಸಿಕೊಳ್ಳಬೇಕೆಂಬುದು ಅಲ್ಲಿ ಯಾರಿಗೂ ಹೊಳೆದಿರುವುದಿಲ್ಲ.

ಇದು ನನಗೆ ಗೊತ್ತಿತ್ತು. ಹೆಸರಿಲ್ಲದವರ ಮೇಲ್ ಅನ್ನು ಬೇರೆ ತೆಗೆದಿಡಬಹುದಿತ್ತು, ಅಥವಾ ಬಾಗಿಲಲ್ಲೇ ತಿರುಗಿಸಿ ಕಳಿಸಬಹುದಿತ್ತು. ತೆಗೆದಿಟ್ಟರೆ ದಿನಾ ಯಾರಾದರೂ ನೋಡಬೇಕು. ಅಕ್ಕ ನೋಡುವವರಲ್ಲ, ನಾನೇ ನೋಡಬೇಕು. ತಿರುಗಿಸುವುದೇ ಸ್ವಚ್ಛ ಎಂದುಕೊಂಡೆ. ಅದು ಸ್ವಚ್ಛತೆಯಲ್ಲ, ಸೋಮಾರಿತನ.

“ಕಸ ಎಲ್ಲ ಹೋತು ನೋಡು. ನೀ ಭಾಳ ಶಾಣ್ಯಾಕಿ,” ಎಂದು ಅಕ್ಕ ಆಗ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದರು. ಮನೆಗೆ ಒಯ್ದು ತಿಂದಿದ್ದೆ.

ಈಗ ಕೆಳಗಿಳಿದು ಕಂಪ್ಯೂಟರ್ ಮುಂದೆ ಕುಳಿತು ಸರ್ವರ್‌ನ ದಾಖಲೆ ತೆರೆದು ನೋಡಿದೆ. ಟೀಚರಮ್ಮ ತಮ್ಮ ಕಾಲೇಜಿನ ವಿಳಾಸದಿಂದ ಕಳಿಸಿದ್ದರು, ಮರುದಿನ ಮತ್ತೊಮ್ಮೆ ಕಳಿಸಿದ್ದರು. ಕಾಲೇಜಿನ ಸರ್ವರ್‌ಗೆ ಹೆಸರಿರಲಿಲ್ಲ; ಎರಡೂ ಸಲ ನಮ್ಮ ಸರ್ವರ್ ತಿರುಗಿಸಿತ್ತು. ಅವರಿಗೆ ಹೋಗಿರುವ ಸೂಚನೆ ಹೇಗಿರುತ್ತದೆಂದು ನನಗೆ ಗೊತ್ತು: ಮೇಲೆ ಅಕ್ಕನ ವಿಳಾಸ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ನಿರಾಕರಿಸಲಾಗಿದೆ’. ಮಸಿಯ ಮಾತು ಮನಸ್ಸಿನಲ್ಲಿರುವವರು ಅದನ್ನು ಒಂದೇ ರೀತಿ ಓದುತ್ತಾರೆ.

ಅಕ್ಕ ಚಹಾ ತಂದಿಟ್ಟರು. “ಏನರ ಬಂದಿತ್ತೇನು?”

“ಇಲ್ಲಿಗೇನೂ ಬಂದಿಲ್ಲ ಅಕ್ಕ,” ಎಂದೆ.

ಲೆಕ್ಕಕ್ಕೆ ಅದು ನಿಜ. ಒಳಗೆ ತೆಗೆದುಕೊಳ್ಳದ ಮೇಲ್ ಬಂದಂತಲ್ಲ. ಅಷ್ಟು ನಿಖರವಾದ ಸುಳ್ಳನ್ನು ನಾನು ಹಿಂದೆಂದೂ ಹೇಳಿರಲಿಲ್ಲ.

“ಹಂಗಾರ ಆಕಿಗೆ ನಾನ ಬ್ಯಾಡಾಗೇನಿ,” ಎಂದರು ಅಕ್ಕ. ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. “ರೊಕ್ಕದ ಗಿರಾಕಿ ಹೋದ್ರ ಹೋಗಲಿ. ಆಕಿ ಬಂದ್ರ ನನಗೂ ಒಂದೀಟು ಮಾತು ಇರ್ತಿತ್ತು.”

ಚಹಾ ಕುಡಿದೆ. ಚೆನ್ನಾಗಿದೆ ಎಂದೂ ಹೇಳಿದೆ. ಕಮಲಾಪುರ ದಾಟುವವರೆಗೂ ಬಸ್ಸಿನಲ್ಲಿ ನನ್ನ ಉತ್ತರವನ್ನೇ ಬೇರೆ ಬೇರೆ ರೀತಿ ಜೋಡಿಸಿ ನೋಡುತ್ತಿದ್ದೆ. ಯಾವ ರೀತಿ ಜೋಡಿಸಿದರೂ ಅದು ಕಾಪಾಡುತ್ತಿದ್ದುದು ನನ್ನನ್ನೇ, ಅಕ್ಕನನ್ನಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗದೆ ಹಂಪಿಯ ಬಸ್ ಹತ್ತಿದೆ. ಅಕ್ಕ ಅಂಗಳ ಗುಡಿಸುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ: ಮೇಲ್ ಹಾಕಿದ್ದರು, ತಿರುಗಿಸಿದ್ದು ನನ್ನ ಸರ್ವರ್, ನಿನ್ನೆಯೇ ಗೊತ್ತಾಗಿತ್ತು.

ಕಸಬರಿಗೆ ನಿಂತಿತು. “ನಿನ್ನೆ ಗೊತ್ತಿತ್ತು. ಚಾ ಕುಡದು ಹೋದಿ.”

“ಹೌದ್ರಿ ಅಕ್ಕ.”

“ನಡಿ. ಆಕಿ ಮುಂದ ಬಂದು ನೀನ ಹೇಳು.”

ಹಿಂದಿನ ಓಣಿಯವರೆಗೂ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಟೀಚರಮ್ಮ ಚಿತ್ರದ ಹಲಗೆ ಹಿಡಿದು ಹೊರಡುವುದರಲ್ಲಿದ್ದರು. ಅಕ್ಕನನ್ನು ನೋಡಿ ಹೊಸ್ತಿಲಲ್ಲೇ ನಿಂತರು. ನಾನು ಹೇಳಿದೆ, ಈ ಸಲ ತಪ್ಪನ್ನು ಯಂತ್ರದ ಮೇಲೆ ಹಾಕದೆ.

“ಆಕಿ ಹೆಸರಿನ ಕೆಳಗ ಬ್ಯಾಡ ಅಂತ ಬರದಿತ್ತಲ್ಲವಾ,” ಎಂದರು ಟೀಚರಮ್ಮ, ನನಗೆ.

“ನನಗ ಇಂಗ್ಲಿಷ್‌ನ್ಯಾಗ ಬೈಯಾಕ ಎಲ್ಲಿ ಬರ್ತೈತ್ರಿ?” ಎಂದರು ಅಕ್ಕ.

ಟೀಚರಮ್ಮ ಹಲಗೆಯನ್ನು ಗೋಡೆಗೆ ಒರಗಿಸಿದರು. “ಬರ್ರಿ, ಕುಂದ್ರಿ.” ಕರೆದದ್ದು ಅಕ್ಕನನ್ನು ಮಾತ್ರ. ಅದು ನ್ಯಾಯವೇ ಆಗಿತ್ತು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದು, ತಿರುಗಿಸುವ ನಿಯಮವನ್ನು ತೆಗೆದುಹಾಕಿದೆ. ಹೆಸರಿಲ್ಲದೆ ಬಂದ ಮೇಲ್‌ಗಳು ಇನ್ನು ಮುಂದೆ ಒಂದು ಕಡೆ ಬಿದ್ದಿರುವಂತೆ ಮಾಡಿ, ಆಗಿನಿಂದ ಬಂದು ಬಿದ್ದವನ್ನು ಒಂದೊಂದಾಗಿ ತೆರೆದು ಓದತೊಡಗಿದೆ.