ಹೊರಗಿನವನ ತಲೆಯೊಳಗೆ ಹೇಳಿದ ಮಾತು

‘ನಾನೀಗ ನಿಮ್ಮ ತಲೆಯೊಳಗೆ ಮಾತಾಡ್ತಾ ಇದ್ದೀನಿ. ಬಾಯಿ ಬಿಡಬೇಡಿ.’

ಶಿವಮೊಗ್ಗದ ಮಲವಗೊಪ್ಪದ ಒಂದು ಮನೆಯ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಗುರುತಿಲ್ಲದ ಹಿರಿಯರೊಬ್ಬರು ಸ್ಲೇಟಿನ ಮೇಲೆ ಹೀಗೆ ಬರೆದು ನನಗೊಬ್ಬನಿಗೇ ಕಾಣುವಂತೆ ಹಿಡಿದರು. ಅವರ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿತ್ತು. ಮೇಜಿನ ಸುತ್ತ ಇದ್ದ ಇನ್ನಿಬ್ಬರು ಏನೂ ನಡೆದೇ ಇಲ್ಲವೆಂಬಂತೆ ಛಾವಣಿ ನೋಡುತ್ತಿದ್ದರು. ನಾನು ಆಳಂದ ಬಿಟ್ಟು ಬಂದು ಆಗಿನ್ನೂ ನಾಲ್ಕು ತಿಂಗಳು. ಎಂಥ ಮನೆಗೆ ಬಂದು ಸಿಕ್ಕಿಕೊಂಡೆನಪ್ಪಾ ಎಂದು ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿಯ ಕಡೆಗೊಮ್ಮೆ ನೋಡಿದೆ.

ಊರಿನವರು ಕೇಳುತ್ತಿರುತ್ತೀರಿ, ಶಿವಮೊಗ್ಗದಲ್ಲಿ ಹೇಗಿದ್ದೀ ಎಂದು. ವ್ಯಾಪಾರದ ಮಟ್ಟಿಗೆ ಚೆನ್ನಾಗಿದ್ದೇನೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡಿ ಹೋಗುವವರ ಮಂಚ, ಬೀರು, ಮೇಜುಗಳನ್ನು ಕೊಂಡು, ಪಾಲಿಶ್ ಹಾಕಿಸಿ, ಶಿವಮೊಗ್ಗದಲ್ಲಿ ಮಾರುತ್ತೇನೆ. ಇಲ್ಲಿಗೆ ಬಂದು ಅಂಗಡಿ ಇಡಬೇಕೆನ್ನುವವರಿಗೆ ಒಂದು ಮಾತು. ನಮ್ಮ ಕಡೆ ಚೌಕಾಸಿ ಎಂದರೆ ಅರ್ಧ ಜಗಳ. ಗಿರಾಕಿ ಎದ್ದು ಹೋದನೆಂದರೆ ಮತ್ತೆ ಬರುತ್ತಾನೆಂದೇ ಲೆಕ್ಕ. ಇಲ್ಲಿನವರು ನಗುತ್ತಾ ‘ನೋಡೋಣ’ ಎನ್ನುತ್ತಾರೆ. ಅದು ಬೇಡ ಎಂಬುದರ ಮರ್ಯಾದೆಯ ರೂಪ. ಇದು ತಲೆಗೆ ಹೋಗಲು ನನಗೆ ಎರಡು ತಿಂಗಳು ಹಿಡಿಯಿತು. ಬಾಡಿಗೆ ಮನೆಯನ್ನು ಮಳೆ ಸುರಿಯುವಾಗಲೇ ಹೋಗಿ ನೋಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿಯೇ ಇರುತ್ತದೆ. ಜೋಳದ ಹಿಟ್ಟು ಊರಿಂದಲೇ ತನ್ನಿ. ಇಲ್ಲಿ ರೊಟ್ಟಿ ಎಂದರೆ ಅಕ್ಕಿಯದು. ರುಚಿಯಾಗಿದೆ, ಆದರೆ ಹೊಲದಲ್ಲಿ ದುಡಿದವನ ಹೊಟ್ಟೆಗೆ ಅದು ಮುನ್ನುಡಿ ಮಾತ್ರ.

ಒಂಟಿತನಕ್ಕೆ ಮಾತ್ರ ನನ್ನ ಹತ್ತಿರ ಸಲಹೆ ಇರಲಿಲ್ಲ. ನಮ್ಮ ಓಣಿಗೆ ಹೊಸಬ ಬಂದರೆ ಸಂಜೆಯೊಳಗೆ ಅವನ ಮಾವನ ಹೆಸರೂ ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ‘ಊಟ ಆಯ್ತಾ?’ ಎಂದು ಕೇಳುತ್ತಾರೆ. ಆಯ್ತು ಎಂದರೆ ಮಾತು ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಹೈಸ್ಕೂಲ್ ಟೀಚರ್ ಶಾರದಾ ಮೇಡಂ ನನ್ನ ಅಂಗಡಿಯ ದುಂಡು ಮೇಜಿನ ಮೇಲೆ ಕಣ್ಣು ಹಾಕಿದರು. ಅರ್ಧ ಗಂಟೆ ಚೌಕಾಸಿ ನಡೆಯಿತು.

“ಇಷ್ಟ ದೊಡ್ಡ ಮೇಜು ಯಾಕ ಬೇಕ್ರಿ, ಮನ್ಯಾಗ ಇಬ್ಬರ ಅದೀರಂತ ಹೇಳ್ಲತ್ತೀರಿ?” ಎಂದೆ.

“ಆಟ ಆಡಕ್ಕೆ. ನಾಲ್ಕು ಜನ ಬೇಕು, ಮೂರೇ ಜನ ಇದೀವಿ. ರೇಟ್ ಇಳಿಸಿ, ನಾಲ್ಕನೇ ಕುರ್ಚಿ ನಿಮ್ದು” ಎಂದರು. ನಾನು ಸೋತ ವ್ಯಾಪಾರಗಳಲ್ಲಿ ಅದೂ ಒಂದು.

ಆಟ ಇಸ್ಪೀಟಲ್ಲ, ಕೇರಂ ಅಲ್ಲ. ಎಲ್ಲರೂ ಕೂಡಿ ಕಟ್ಟುವ ಒಂದು ಮಾಯಾಲೋಕದ ಕಥೆ. ಮೇಡಂ ಕಥೆ ನಡೆಸುತ್ತಾರೆ. ನಾವು ಒಬ್ಬೊಬ್ಬರು ಒಂದೊಂದು ಪಾತ್ರ. ಗೆಲ್ಲುತ್ತೇವೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಈ ಲೋಕದಲ್ಲಿ ಕತ್ತಿಗಿಂತ ಸೈಕಿಕ್ ಶಕ್ತಿ ದೊಡ್ಡದು, ಅಂದರೆ ಬರೀ ಮನಸ್ಸಿನ ಬಲ. ರಾಗಿಗುಡ್ಡದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಸಲೀಂ ಮುಟ್ಟದೆಯೇ ಬಂಡೆ ಎತ್ತುತ್ತಾನೆ. ನಾನು ಎದುರಿನವನ ಮನಸ್ಸು ಓದುವ ಶಕ್ತಿ ಆರಿಸಿಕೊಂಡೆ.

“ಅಂಗಡೀಲೂ ಅದೇ, ಇಲ್ಲೂ ಅದೇನಾ ಮಾರಾಯ್ರೆ? ಒಂಚೂರು ರೆಸ್ಟ್ ಕೊಡಿ ತಲೆಗೆ” ಎಂದು ಸಲೀಂ ನಕ್ಕ.

ಸ್ಲೇಟು ಹಿಡಿದ ಹಿರಿಯರು ಮೇಡಂ ಅವರ ಅಣ್ಣ, ಗಂಗಾಧರ. ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಕೆಲಸ ಮಾಡಿದವರು. ಎರಡು ವರ್ಷದ ಹಿಂದೆ ಗಂಟಲಿಗೆ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಿದ್ದರು. ಆಟದಲ್ಲಿ ಅವರ ಶಕ್ತಿ, ತಮಗೆ ಬೇಕಾದವರ ಮನಸ್ಸಿನೊಳಗೆ ನೇರವಾಗಿ ಮಾತಾಡುವುದು. ಅದಕ್ಕೇ ಸ್ಲೇಟು, ಅದಕ್ಕೇ ಉಳಿದವರು ಛಾವಣಿ ನೋಡುವುದು.

ಮೇಡಂ ಮೊದಲ ದಿನವೇ ನಿಯಮ ಹೇಳಿದ್ದರು: “ಮನಸ್ಸಲ್ಲಿ ಬಂದ ಮಾತನ್ನ ಬಾಯಲ್ಲಿ ಹೇಳೋ ಹಾಗಿಲ್ಲ. ಹೇಳಿದ್ರೆ ಆ ಇಬ್ಬರ ನಡುವಿನ ದಾರಿ ಮುಚ್ಚಿಹೋಗುತ್ತೆ. ಆಮೇಲೆ ಎಷ್ಟು ದಾಳ ಹಾಕಿದ್ರೂ ತೆರೆಯಲ್ಲ.”

ಆ ಮೇಜೇ ನನಗೆ ಊರಾಯಿತು. ಗಂಗಣ್ಣ ಸ್ಲೇಟಿನಲ್ಲಿ ನನ್ನ ಭಾಷೆಯನ್ನು ಅಣಕಿಸುತ್ತಿದ್ದರು, ಸಲೀಮನ ಪಾತ್ರದ ಹೇಡಿತನ ಹೇಳಿ ನಗಿಸುತ್ತಿದ್ದರು. ಸ್ಲೇಟು ನನ್ನ ಕಡೆ ತಿರುಗಿದಾಗಲೆಲ್ಲ, ಇಡೀ ಜಿಲ್ಲೆಯಲ್ಲಿ ನನ್ನನ್ನೇ ಹುಡುಕಿಕೊಂಡು ಬಂದ ಮಾತು ಇದೊಂದೇ ಎನಿಸುತ್ತಿತ್ತು.

ಒಂದು ಭಾನುವಾರ ಕಥೆಯಲ್ಲಿ ನಾವು ಮೂವರೂ ಒಂದು ಗುಹೆಯೊಳಗಿದ್ದೆವು. ಗಂಗಣ್ಣ ದಾಳ ಹಾಕಿ ನನ್ನ ಕಡೆ ಸ್ಲೇಟು ತಿರುಗಿಸಿದರು. ‘ಗಂಟು ಮತ್ತೆ ಬಂದಿದೆ. ಎಡಗಡೆ. ಯಾರಿಗೂ ಹೇಳಿಲ್ಲ. ಆಸ್ಪತ್ರೆಗೆ ಇನ್ನು ಹೋಗಲ್ಲ.’

ನಾನು ಬಳಪ ತೆಗೆದುಕೊಂಡು ಕೆಳಗೆ ಬರೆದೆ: ‘ಇದು ಆಟದಾಗಿನ ಮಾತೋ, ಖರೇ ಮಾತೋ?’

ಅವರು ಬಟ್ಟೆಯ ಅಂಚು ಸರಿಸಿ ತೋರಿಸಿದರು. ಅಡಕೆಯಷ್ಟು ದೊಡ್ಡದು.

‘ನನಗ್ಯಾಕ ಹೇಳಿದ್ರಿ?’

‘ನೀವು ಹೊರಗಿನವರು. ನಿಮಗೆ ಹೇಳಿದ್ರೆ ಮಾತು ನಮ್ಮ ಜನರಲ್ಲಿ ಸುತ್ತಲ್ಲ’ ಎಂದು ಬರೆದು ಒರೆಸಿಬಿಟ್ಟರು. “ಏನಾಯ್ತು ಗುಹೇಲಿ? ಮುಂದೆ ಹೋಗೋಣ್ವಾ?” ಎಂದು ಮೇಡಂ ಕೇಳಿದರು. ಹೋದೆವು.

ನನಗೆ ಬರುವುದು ಚೌಕಾಸಿ ಒಂದೇ. ಮುಂದಿನ ವಾರ ಸ್ಲೇಟಿನಲ್ಲೇ ಶುರು ಮಾಡಿದೆ: ಒಂದು ಸಲ ಡಾಕ್ಟರಿಗೆ ತೋರಿಸಿ, ನಾನೇ ಕರೆದುಕೊಂಡು ಹೋಗುತ್ತೇನೆ, ತಂಗಿಗೆ ಗೊತ್ತಾಗುವುದಿಲ್ಲ. ಗಂಗಣ್ಣ ಬರೆದರು: ‘ಹೋದ ಸಲ ಅವಳು ಆರು ತಿಂಗಳು ರಜೆ ಹಾಕಿದ್ಲು. ಸಾಕು.’ ಸೋಮವಾರ ಬೆಳಗ್ಗೆ ಬರಲೇ ಎಂದು ಕೇಳಿದೆ. ‘ನೋಡೋಣ’ ಎಂದು ಬರೆದು ನಕ್ಕರು. ಸೋಮವಾರ ಅವರ ಗೇಟಿನ ಮುಂದೆ ಆಟೋ ನಿಲ್ಲಿಸಿಕೊಂಡು ಕಾದೆ. ಹೊರಗೆ ಬರಲಿಲ್ಲ. ಅದರ ಮುಂದಿನ ಭಾನುವಾರ ನನ್ನ ಕಡೆ ಸ್ಲೇಟು ತಿರುಗಲೇ ಇಲ್ಲ. ಗಂಟು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು.

ಹೇಳಿದರೆ ಆ ಮೇಜು ಹೋಗುತ್ತದೆ, ಹೇಳದಿದ್ದರೆ ಮನುಷ್ಯ. ಇದನ್ನು ತೂಗಲು ನನ್ನಂಥ ವ್ಯಾಪಾರಿಗೆ ಒಂದು ನಿಮಿಷ ಸಾಕಿತ್ತು. ಆದರೂ ಬುಧವಾರದ ತನಕ ತೂಗಿದೆ. ಆ ದಿನ ಶಾಲೆಯ ಗೇಟಿನ ಹತ್ತಿರ ನಿಂತು ಮೇಡಂಗೆ ಹೇಳಿದೆ.

ಅವರು ಅಳಲಿಲ್ಲ. “ಎಷ್ಟು ದಿನದಿಂದ ಗೊತ್ತು ನಿಮಗೆ?”

“ಹದಿನೇಳ ದಿನ ಆತ್ರಿ.”

“ಹದಿನೇಳು ದಿನ! ನಾನು ಮಾಡಿದ ರೂಲ್ ಅಂತ ಬಾಯಿ ಮುಚ್ಕೊಂಡು ಕೂತಿದ್ರಾ? ಅದು ಆಟ ಕಣ್ರೀ, ಬಸವರಾಜ್. ಆಟ!” ಎಂದವರು ಆಟೋ ಹತ್ತಿದರು. ನಾನೂ ಬರಲೇ ಎಂದೆ. ತಿರುಗಿ ನೋಡಲಿಲ್ಲ.

ಗಂಗಣ್ಣನಿಗೆ ಮತ್ತೆ ಆಪರೇಷನ್, ಆಮೇಲೆ ಕರೆಂಟ್ ಚಿಕಿತ್ಸೆ, ಅಂದರೆ ರೇಡಿಯೇಷನ್. ಆ ಹದಿನೇಳು ದಿನ ತಡವಾದದ್ದರಿಂದ ಏನೂ ವ್ಯತ್ಯಾಸವಾಗಿಲ್ಲವೆಂದು ಡಾಕ್ಟರ್ ಹೇಳಿದರಂತೆ. ಇದನ್ನು ಹೇಳಲು ಮೇಡಂ ತಾವೇ ಅಂಗಡಿಗೆ ಬಂದರು. ಅದು ನಿಜವೋ, ನನ್ನ ಸಮಾಧಾನಕ್ಕೆ ಆಡಿದ ಮಾತೋ ಎಂದು ಅವರ ಮುಖ ನೋಡಿದೆ. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿ ಅನ್ನ ಉಂಡವನಿಗೆ ಅದೊಂದು ಮುಖ ಓದಲು ಬರಲಿಲ್ಲ.

ನಡುವೆ ಊರಿಗೆ ಬಂದಿದ್ದೆ, ನೋಡಿದ್ದೀರಿ. “ಇಲ್ಲೇ ಇದ್ದುಬಿಡೋ, ಬಸ್‌ಸ್ಟ್ಯಾಂಡ್ ಮುಂದ ಒಂದ್ ಮಳಿಗಿ ಖಾಲಿ ಅದ” ಎಂದು ತಮ್ಮ ಹೇಳಿದ. ಓಣಿಯ ತುಂಬಾ ಮಾತು, ಎಲ್ಲರೂ ನಮ್ಮವರೇ. ಆದರೆ ಅಷ್ಟು ಮಾತಿನ ನಡುವೆ ಯಾರೂ ನನಗೊಬ್ಬನಿಗೇ ಏನನ್ನೂ ಹೇಳಲಿಲ್ಲ. ನಾಲ್ಕನೇ ದಿನ ಶಿವಮೊಗ್ಗದ ಬಸ್ಸು ಹಿಡಿದೆ. ಕಂಡಕ್ಟರ್ “ಯಾವೂರ್ರಿ?” ಎಂದಾಗ ಶಿವಮೊಗ್ಗ ಎಂದು ಟಿಕೆಟ್ಟಿನ ಊರನ್ನೇ ಹೇಳಿ ದುಡ್ಡು ಕೊಟ್ಟೆ.

ಆಟ ಮತ್ತೆ ಶುರುವಾಗಿದೆ. ನನ್ನನ್ನು ಕರೆಯುತ್ತಾರೆ, ನಾಲ್ಕನೇ ಕುರ್ಚಿ ಈಗಲೂ ನನ್ನದೇ. ಆದರೆ ಗಂಗಣ್ಣ, ಯಾರ ಮನಸ್ಸಿನೊಡನೆ ಮಾತಾಡಬಲ್ಲೆ ಎಂದು ತಮ್ಮ ಪಾತ್ರದ ಹಾಳೆಯಲ್ಲಿ ಬರೆದಿಟ್ಟಿದ್ದ ಪಟ್ಟಿಯಿಂದ ನನ್ನ ಹೆಸರನ್ನು ಸ್ಕೇಲಿಟ್ಟು ಹೊಡೆದಿದ್ದಾರೆ, ಲೇತ್ ಕೆಲಸದವರ ನೇರ ಗೆರೆ. ನಿಯಮ ಬಿಡೋಣ ಎಂದು ಮೇಡಂ ಹೇಳಿ ನೋಡಿದರು. ಗಂಗಣ್ಣ ಬೇಡವೆಂದು ತಲೆಯಾಡಿಸಿದರು. ಮೊನ್ನೆ ಸಲೀಂ ಕಡೆ ಸ್ಲೇಟು ತಿರುಗಿಸಿ ಏನೋ ಬರೆದರು, ಸಲೀಂ ನಕ್ಕ. ನಾನು ಛಾವಣಿ ನೋಡಿದೆ.

ಆಮೇಲೆ ಅದನ್ನು ಒರೆಸಿ, ಇನ್ನೊಂದು ಸಾಲು ಬರೆದು, ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಮಲಗಿಸಿದರು: ‘ಬಸವರಾಜ್ ಅವರಿಗೆ ಟೀ ಕೊಡು.’

ಮೇಡಂ ತಂದುಕೊಟ್ಟರು. ಕುಡಿದೆ.