ಹಿರಿಯ ಸಿಸ್ಟರಿಗೆ ಲಸಿಕೆ

ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಬ್ಬಂದಿಗೆಲ್ಲ ರಕ್ತದಿಂದ ಹರಡುವ ಹೆಪಟೈಟಿಸ್-ಬಿ ಸೋಂಕಿನ ಲಸಿಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎಲ್ಲರಿಗಿಂತ ಹೆಚ್ಚು ಸತಾಯಿಸಿದವರು ನಮ್ಮ ಹಿರಿಯ ಸಿಸ್ಟರ್. ಕೂಸಿನ ಲಸಿಕೆ ತಪ್ಪಿಸಿದ ತಾಯಂದಿರನ್ನು ಗದರಿಸುವ ಅವರು, ನನ್ನನ್ನು ಕಂಡರೆ ಬೇರೆ ವಾರ್ಡಿಗೆ ಹೋಗಿಬಿಡುತ್ತಿದ್ದರು.

"ಇಷ್ಟ ವರ್ಷ ಸೂಜಿ ಹಿಡದೇನಿ, ನನಗೇನ ಆಗೈತ್ರಿ?" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ರೋಗಿಗೆ ಚುಚ್ಚಿದ ಸೂಜಿಯೇ ಅವರ ಬೆರಳಿಗೆ ತಾಗಿತು. ಬಿಳಿಚಿಕೊಂಡು ನನ್ನ ಬಳಿಗೆ ಓಡಿ ಬಂದು, "ಲಗೂ ಹಾಕ್ರಿ," ಎಂದರು. ಹಾಕಿದೆ. ರೋಗಿಗೆ ಆ ಸೋಂಕಿಲ್ಲವೆಂದು ಸಂಜೆ ಗೊತ್ತಾಯಿತು.

ಮುಂದಿನ ತಿಂಗಳು ಎರಡನೆಯ ಡೋಸಿಗೆ ಕರೆದರೆ, "ಈಗ್ಯಾಕ್ರಿ? ಏನೂ ಆಗಲಿಲ್ಲಲ್ಲ," ಎಂದರು. ನನಗೆ ಸಾಕಾಗಿಹೋಗಿತ್ತು. ಲಸಿಕೆಯ ಡಬ್ಬಿ ಹಿಡಿದು ಊಟದ ಕೋಣೆಗೇ ಹೋಗಿ ಅವರ ಎದುರು ಕುಳಿತೆ.

ರೊಟ್ಟಿ ಅಗಿಯುತ್ತಲೇ ಅವರು ಎಡತೋಳು ಚಾಚಿ, "ಹಾಕಿ ಹೋಗ್ರಿ ಅತ್ಲಾಗ," ಎಂದರು.